ಅಂಕಣಗಳ ಒಲವಿಗೆ ಒಂದು ಲೆಕ್ಕ ಬೇಕು: ಕನ್ನಡ ಪತ್ರಿಕೆಗಳ ಸಂಪಾದಕರಿಗೆ ಕಾಸರಗೋಡಿನಿಂದ ಬಹಿರಂಗ ಪತ್ರ

ಕನ್ನಡ ದಿನಪತ್ರಿಕೆಗಳ ಸಂಪಾದಕರಿಗೆ,

ನಮಸ್ಕಾರ.

ನಾನು ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆಯ ಒಂದು ಹಳ್ಳಿಯಲ್ಲಿ ಗ್ರಂಥಾಲಯ ನೋಡಿಕೊಳ್ಳುವವಳು. ನಿಮ್ಮಲ್ಲಿ ಕೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ರಾಜಕೀಯ ಅಂಕಣಕಾರರು ವರ್ಷವಿಡೀ ಯಾವ ಪಕ್ಷವನ್ನು ಎಷ್ಟು ಹೊಗಳಿದರು, ಯಾವುದನ್ನು ಎಷ್ಟು ತೆಗಳಿದರು ಅನ್ನುವ ಲೆಕ್ಕ ಓದುಗರಿಗೆ ಸಿಗಬೇಕು. ವಿಡಂಬನೆ ಬರೆಯುವವರನ್ನೂ ಆ ಲೆಕ್ಕದೊಳಗೆ ತರಬೇಕು, ಆದರೆ ಅವರನ್ನು ಎಣಿಸುವ ಕ್ರಮ ಬೇರೆ ಇರಬೇಕು. ಎಣಿಸುವವರು ಓದುಗರೇ ಆಗಿರಬೇಕು. ಸರ್ಕಾರ ಈ ಕೆಲಸಕ್ಕೆ ಕೈ ಹಾಕಬಾರದು.

ಗಡಿಯಾಚೆಯ ಒಂದು ಹಳ್ಳಿಗೆ ಇದೆಲ್ಲ ಯಾಕೆ ಅಂತ ನಿಮಗೆ ಅನ್ನಿಸಬಹುದು. ನಮ್ಮ ಓದುವ ಮೇಜಿನ ಮೇಲೆ ಒಂದು ಬದಿಗೆ ಮಂಗಳೂರು, ಮಣಿಪಾಲದಿಂದ ಬರುವ ಕನ್ನಡ ಪತ್ರಿಕೆಗಳು, ಇನ್ನೊಂದು ಬದಿಗೆ ಮಲಯಾಳಂ ಪತ್ರಿಕೆಗಳು ಇರುತ್ತವೆ. ಮಲಯಾಳಂ ಬದಿಯಲ್ಲಿ ಒಂದು ವಿಶೇಷ ಇದೆ. ದೇಶಾಭಿಮಾನಿ ಸಿಪಿಎಂ ಪತ್ರಿಕೆ. ಜನಯುಗಂ ಸಿಪಿಐಯದು. ಚಂದ್ರಿಕ ಮುಸ್ಲಿಂ ಲೀಗಿನದು. ವೀಕ್ಷಣಂ ಕಾಂಗ್ರೆಸ್ಸಿನದು. ಜನ್ಮಭೂಮಿ ಬಿಜೆಪಿ ಕಡೆಯದು. ಇದನ್ನು ಯಾರೂ ಮುಚ್ಚಿಡುವುದಿಲ್ಲ. ದೇಶಾಭಿಮಾನಿಯಲ್ಲಿ ಎಡರಂಗದ ಹೊಗಳಿಕೆ ಕಂಡರೆ ಓದುವವರು ಅದಕ್ಕೆ ತಕ್ಕಷ್ಟು ಕಳೆದುಕೊಂಡೇ ಓದುತ್ತಾರೆ. ಮಾತೃಭೂಮಿ, ಮನೋರಮಾದಂಥ ದೊಡ್ಡ ಪತ್ರಿಕೆಗಳ ಒಲವು ಎತ್ತ ಅನ್ನುವುದನ್ನೂ ಜನ ತಮ್ಮ ತಮ್ಮಲ್ಲೇ ಚರ್ಚೆ ಮಾಡಿ ತೀರ್ಮಾನಿಸಿಕೊಂಡಿರುತ್ತಾರೆ.

ಕನ್ನಡದ ಬದಿಗೆ ಬಂದರೆ ಈ ಸೌಕರ್ಯ ಇಲ್ಲ. ನಮ್ಮಲ್ಲಿಗೆ ಬರುವ ಕನ್ನಡ ಪತ್ರಿಕೆಗಳೆಲ್ಲ ಸ್ವತಂತ್ರ ಪತ್ರಿಕೆಗಳೇ. ಅಂಕಣದ ಮೇಲೆ ಬರೆದವರ ಹೆಸರು, ಒಂದು ಸಣ್ಣ ಫೋಟೋ, ಕೊನೆಗೆ 'ಲೇಖಕರು ಹಿರಿಯ ಪತ್ರಕರ್ತರು' ಅಂತ ಒಂದು ಸಾಲು. ಅವರು ಯಾವ ಪಕ್ಷದ ಯಾವ ಸಮಿತಿಯಲ್ಲಿದ್ದಾರೆ, ಯಾವ ಸರ್ಕಾರದಿಂದ ಯಾವ ಹುದ್ದೆ ಪಡೆದಿದ್ದಾರೆ ಅನ್ನುವುದು ಅಲ್ಲಿರುವುದಿಲ್ಲ. ಬೆಂಗಳೂರಿನ ಓದುಗರಿಗೆ ಊರ ಮಾತಿನಿಂದಲಾದರೂ ಅದು ಗೊತ್ತಾದೀತು. ನಮಗೆ ಗೊತ್ತಾಗುವುದಿಲ್ಲ. 1956ರ ನವೆಂಬರ್ 1ರಿಂದ ನಾವು ಕೇರಳದವರು. ಓಟು ಹಾಕುವುದು ಕೇರಳದ ವಿಧಾನಸಭೆಗೆ, ಓದುವುದು ಕರ್ನಾಟಕದ ಅಂಕಣಗಳನ್ನು. ಆ ಓದು ಇಲ್ಲಿ ಸಣ್ಣ ವಿಷಯ ಅಲ್ಲ. ಮಂಜೇಶ್ವರ ಕ್ಷೇತ್ರದಲ್ಲಿ 2016ರಲ್ಲಿ ಗೆಲುವಿನ ಅಂತರ 89 ಮತ. 2021ರಲ್ಲಿ 745. 2016ರಲ್ಲಾದರೆ ಒಂದು ಬಸ್ಸಿನಷ್ಟು ಜನ ಮನಸ್ಸು ಬದಲಿಸಿದ್ದರೂ ಫಲಿತಾಂಶ ಬದಲಾಗುತ್ತಿದ್ದ ಕ್ಷೇತ್ರ ಇದು. ಇಲ್ಲಿನ ಕನ್ನಡ ಮತದಾರರು ಬೆಳಗ್ಗೆ ಓದುವ ಅಂಕಣ ಅಭಿಪ್ರಾಯವೋ ಪಕ್ಷದ ಪ್ರಚಾರವೋ ಅನ್ನುವುದು ಅವರಿಗೆ ಗೊತ್ತಿರಬೇಕಲ್ವಾ?

ಒಂದು ಮಾತು ಸ್ಪಷ್ಟ ಮಾಡುತ್ತೇನೆ. ಗಟ್ಟಿ ಅಭಿಪ್ರಾಯ ಇರುವವರ ಮೇಲೆ ನನಗೆ ದೂರಿಲ್ಲ. ಅಂಕಣ ಅಂದ ಮೇಲೆ ಅಭಿಪ್ರಾಯ ಇರಲೇಬೇಕು, ಸಪ್ಪೆ ಅಂಕಣ ಯಾರಿಗೂ ಬೇಡ. ಪಕ್ಷಪಾತ ಬೇರೆ, ಗಟ್ಟಿತನ ಬೇರೆ. ನಮ್ಮ ಜಿಲ್ಲೆಯದೇ ಉದಾಹರಣೆ ಕೊಡುತ್ತೇನೆ. ಎಣ್ಮಕಜೆ, ಬೆಳ್ಳೂರು, ಮುಳಿಯಾರು ಕಡೆಯ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸಿಂಪಡಿಸಿದರು. ಆ ಅವಧಿಯಲ್ಲಿ ಕೇರಳವನ್ನು ಸಿಪಿಎಂ ಮುಂದಾಳತ್ವದ ಎಡರಂಗವೂ ಆಳಿತು, ಕಾಂಗ್ರೆಸ್ ಮುಂದಾಳತ್ವದ ಐಕ್ಯರಂಗವೂ ಆಳಿತು. 2011ರಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನು ನಿಷೇಧಿಸಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಅಂತ 2017ರಲ್ಲಿ ಆದೇಶ ಮಾಡಿತು. ಹಣ ಕೈಗೆ ಬರಲು ಜನ ಮತ್ತೆ ಕೋರ್ಟು ಹತ್ತಬೇಕಾಯಿತು. ಈ ಕಾಲದುದ್ದಕ್ಕೂ ಎಂಡೋಸಲ್ಫಾನ್ ಬಗ್ಗೆ ಬರೆದ ಒಬ್ಬ ಅಂಕಣಕಾರರನ್ನು ಊಹಿಸಿಕೊಳ್ಳಿ. ಅವರ ಬರಹದಲ್ಲಿ ಸರ್ಕಾರದ ತೆಗಳಿಕೆ ಬಿಟ್ಟರೆ ಬೇರೆ ಏನೂ ಸಿಗುವುದಿಲ್ಲ. ಆದರೂ ಅವರು ಪಕ್ಷಪಾತಿ ಅಲ್ಲ. ಯಾಕೆಂದರೆ ಕುರ್ಚಿಯಲ್ಲಿ ಯಾರು ಕೂತಿದ್ದರೂ ಅವರ ಸಿಟ್ಟು ಒಂದೇ. ಯಾವ ಲೆಕ್ಕ ಇವರನ್ನು ಪಕ್ಷಪಾತಿ ಅನ್ನುತ್ತದೋ ಆ ಲೆಕ್ಕವೇ ತಪ್ಪು.

ಹಾಗಾಗಿ ಒಂದು ದಿನದ ಅಂಕಣ ನೋಡಿ ಏನೂ ಹೇಳಲಾಗದು. ಒಂದು ವಾರದಲ್ಲೂ ಆಗದು. ಕನಿಷ್ಠ ಒಂದು ವರ್ಷದ ಬರಹ ಬೇಕು. ಸಾಧ್ಯವಾದರೆ ನಡುವೆ ಒಂದು ಸರ್ಕಾರ ಬದಲಾಗಿರಬೇಕು. ಅಧಿಕಾರದಲ್ಲಿ ಇರುವವರಿಗೆ ಬೈಗುಳ ಜಾಸ್ತಿ ಬೀಳುವುದು ಸಹಜ, ಬೀಳಬೇಕಾದ್ದೂ ಹೌದು. ಆ ಬೈಗುಳ ಕುರ್ಚಿಗೋ ಪಕ್ಷಕ್ಕೋ ಅನ್ನುವುದು ಗೊತ್ತಾಗುವುದು ಕುರ್ಚಿಯಲ್ಲಿರುವವರು ಬದಲಾದಾಗ. ಈ ವಿಷಯದಲ್ಲಿ ಕರ್ನಾಟಕ ಒಳ್ಳೆಯ ಪರೀಕ್ಷಾ ಕೇಂದ್ರ. 2013, 2018, 2019, 2023, ನಾಲ್ಕು ಸಲ ಸರ್ಕಾರ ಬದಲಾಯಿತು. ಈ ಎಲ್ಲ ಕಾಲದಲ್ಲೂ ಬರೆದವರು ನಿಮ್ಮ ಪತ್ರಿಕೆಗಳಲ್ಲಿದ್ದಾರೆ.

ಇದಕ್ಕಿಂತ ನೇರವಾದ ಪರೀಕ್ಷೆಯೂ ಇದೆ. ಒಂದೇ ಬಗೆಯ ಘಟನೆ, ಪಕ್ಷ ಮಾತ್ರ ಅದಲು ಬದಲು. 2011ರ ಜನವರಿಯಲ್ಲಿ ರಾಜ್ಯಪಾಲ ಎಚ್.ಆರ್. ಭಾರದ್ವಾಜ್ ಅವರು ಮುಖ್ಯಮಂತ್ರಿ ಯಡಿಯೂರಪ್ಪ ಅವರ ಮೇಲೆ ಮೊಕದ್ದಮೆ ನಡೆಸಲು ಅನುಮತಿ ಕೊಟ್ಟರು. ಭಾರದ್ವಾಜ್ ಕಾಂಗ್ರೆಸ್ಸಿನಿಂದ ಬಂದವರು, ಮುಖ್ಯಮಂತ್ರಿ ಬಿಜೆಪಿಯವರು. 2024ರ ಆಗಸ್ಟ್‌ನಲ್ಲಿ ರಾಜ್ಯಪಾಲ ಥಾವರ್‌ಚಂದ್ ಗೆಹ್ಲೋಟ್ ಅವರು ಮುಡಾ ವಿಷಯದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಮೇಲೆ ಅನುಮತಿ ಕೊಟ್ಟರು. ಗೆಹ್ಲೋಟ್ ಬಿಜೆಪಿಯಿಂದ ಬಂದವರು, ಮುಖ್ಯಮಂತ್ರಿ ಕಾಂಗ್ರೆಸ್ಸಿನವರು. ಇದಕ್ಕೆ ನಮ್ಮ ಕೇರಳವನ್ನೂ ಸೇರಿಸಿ. ವಿಧಾನಸಭೆ ಪಾಸು ಮಾಡಿದ ಮಸೂದೆಗಳನ್ನು ರಾಜ್ಯಪಾಲರು ಇಟ್ಟುಕೊಂಡು ಕೂತಿದ್ದಾರೆ ಅಂತ 2023ರಲ್ಲಿ ಎಡರಂಗ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಈಗ ಒಬ್ಬರೇ ಅಂಕಣಕಾರರು ಈ ಮೂರೂ ಸಂದರ್ಭದಲ್ಲಿ ಬರೆದದ್ದನ್ನು ಪಕ್ಕ ಪಕ್ಕ ಇಟ್ಟು ಓದಿ. 'ರಾಜ್ಯಪಾಲರಿಗೆ ಸಂವಿಧಾನ ಕೊಟ್ಟ ಅಧಿಕಾರ' ಅನ್ನುವ ಮಾತು ಒಂದು ಕಡೆ, 'ರಾಜಭವನ ಪಕ್ಷದ ಕಚೇರಿಯಾಗಿದೆ' ಅನ್ನುವ ಮಾತು ಇನ್ನೊಂದು ಕಡೆ ಕಂಡರೆ ಕಾರಣ ಕೇಳುವ ಹಕ್ಕು ನಮಗಿದೆ. ಕಾರಣ ಇರಲೂಬಹುದು. ಒಂದೊಂದು ಪ್ರಕರಣದ ವಿವರ ಬೇರೆ ಬೇರೆ. ಅದನ್ನು ಅವರೇ ಬರೆದು ಹೇಳಲಿ.

ಎಣಿಸುವುದು ಹೇಗೆ ಅನ್ನುವುದಕ್ಕೆ ಬರುತ್ತೇನೆ. ಇದು ಹೊಸ ವಿದ್ಯೆ ಏನಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಹೆರಾಲ್ಡ್ ಲ್ಯಾಸ್‌ವೆಲ್ ಅನ್ನುವ ವಿದ್ವಾಂಸರು ಅಮೆರಿಕದಲ್ಲಿ ಪತ್ರಿಕೆಗಳ ಪ್ರಚಾರವನ್ನು ಅಳೆಯುವ ಒಂದು ತಂಡ ಕಟ್ಟಿದರು. ಆ ಕೆಲಸ ನಡೆದದ್ದು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ. ಗ್ರಂಥಾಲಯದಲ್ಲಿ ಕೆಲಸ ಮಾಡುವ ನನಗೆ ಅದು ಖುಷಿಯ ವಿಷಯ. 1943ರಲ್ಲಿ ಇರ್ವಿಂಗ್ ಜಾನಿಸ್ ಮತ್ತು ರೇಮಂಡ್ ಫ್ಯಾಡ್ನರ್ ಇದಕ್ಕೆ ಒಂದು ಸೂತ್ರ ಕೊಟ್ಟರು. ಹೊಗಳಿಕೆ ಎಷ್ಟು, ತೆಗಳಿಕೆ ಎಷ್ಟು ಅನ್ನುವುದರ ಜೊತೆಗೆ ಎರಡೂ ಅಲ್ಲದ ಮಾತು ಎಷ್ಟು ಅನ್ನುವುದನ್ನೂ ಅದು ಗಣನೆಗೆ ತೆಗೆದುಕೊಳ್ಳುತ್ತದೆ. ಉತ್ತರ −1 ಮತ್ತು +1ರ ನಡುವೆ ಬರುತ್ತದೆ. ಒಂದು ಅಂಕಣದಲ್ಲಿ ಮಳೆ, ಅಡಕೆ, ಇತಿಹಾಸ ಎಲ್ಲ ಹೇಳಿ ನಡುವೆ ಒಂದು ಸಾಲು ಪಕ್ಷವನ್ನು ಬೈದರೆ ಅದೊಂದು ತೂಕ. ಮೊದಲಿಂದ ಕೊನೆವರೆಗೆ ಅದನ್ನೇ ಬೈದರೆ ಇನ್ನೊಂದು ತೂಕ.

ನಮ್ಮಲ್ಲಿ ಮಾಡಿದ್ದು ಇದರ ಸರಳ ರೂಪ. ಅಂಕಣದ ಎರಡು ಜೆರಾಕ್ಸ್ ತೆಗೆಯುವುದು. ಬೇರೆ ಬೇರೆ ಪಕ್ಷಕ್ಕೆ ಓಟು ಹಾಕುವ ಇಬ್ಬರಿಗೆ ಒಂದೊಂದು ಕೊಡುವುದು. ಪಕ್ಷದ ಅಥವಾ ನಾಯಕರ ಹೆಸರು ಬಂದ ಪ್ರತಿ ವಾಕ್ಯಕ್ಕೂ ಅಂಚಿನಲ್ಲಿ ಒಂದು ಗುರುತು ಹಾಕಬೇಕು. ಹೊಗಳಿದರೆ ಕೂಡಿಸುವ ಚಿಹ್ನೆ, ತೆಗಳಿದರೆ ಕಳೆಯುವ ಚಿಹ್ನೆ, ಸುಮ್ನೆ ಹೆಸರು ಹೇಳಿದ್ದರೆ ಸೊನ್ನೆ. ಇಬ್ಬರೂ ಬೇರೆ ಬೇರೆ ಕೂತು ಮಾಡಬೇಕು. ಆಮೇಲೆ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿಯೇ ಇರುವುದು ಸ್ವಾರಸ್ಯ. ಗುರುತು ತಾಳೆಯಾಗದ ವಾಕ್ಯದ ಮೇಲೆ ಶುರುವಾದ ಮಾತು ಗ್ರಂಥಾಲಯ ಮುಚ್ಚುವ ಹೊತ್ತಾದರೂ ಮುಗಿಯುವುದಿಲ್ಲ. ಆ ಮಾತಿನಲ್ಲಿ ಒಂದು ಬದಲಾವಣೆ ಕಂಡೆ. 'ಅವ ಆ ಪಾರ್ಟಿಯವ, ಬಿಡಿ ಮಾರಾಯ್ರೆ' ಅನ್ನುವ ಜಾಗದಲ್ಲಿ 'ಈ ವಾಕ್ಯ ಓದಿ, ಇಲ್ಲಿ ಹೊಗಳಿಕೆ ಎಲ್ಲಿದೆ ತೋರಿಸಿ' ಅನ್ನತೊಡಗಿದರು.

ಇಬ್ಬರ ಗುರುತು ಎಷ್ಟು ತಾಳೆಯಾದರೆ ಸಾಕು? ಇಲ್ಲಿ ಸುಲಭವಾಗಿ ಮೋಸ ಹೋಗಬಹುದು. ಇಬ್ಬರೂ ಅಂಕಣವನ್ನು ಓದದೆಯೇ ನೂರರಲ್ಲಿ 80 ವಾಕ್ಯಕ್ಕೆ ತೆಗಳಿಕೆ, 20ಕ್ಕೆ ಹೊಗಳಿಕೆ ಅಂತ ಕಣ್ಣು ಮುಚ್ಚಿ ಗುರುತು ಹಾಕಿದರು ಅಂತಿಟ್ಟುಕೊಳ್ಳಿ. ಆಗಲೂ ಸರಾಸರಿ 68 ವಾಕ್ಯದಲ್ಲಿ ಇಬ್ಬರ ಗುರುತು ಒಂದೇ ಬರುತ್ತದೆ. ಹಾಗಾಗಿ 'ನೂರರಲ್ಲಿ 70 ತಾಳೆಯಾಯಿತು' ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ಆಕಸ್ಮಿಕವಾಗಿ ಬರುವ ಈ ಹೊಂದಿಕೆಯನ್ನು ಕಳೆದು ನೋಡುವ ಅಳತೆಯನ್ನು ಜೇಕಬ್ ಕೋಹೆನ್ 1960ರಲ್ಲಿ ಕೊಟ್ಟರು. ಅದಕ್ಕೆ ಕಪ್ಪಾ ಅನ್ನುತ್ತಾರೆ. ಒಬ್ಬ ಪಿಯುಸಿ ಹುಡುಗಿ ಕ್ಯಾಲ್ಕುಲೇಟರ್ ಹಿಡಿದು ಮಾಡುವಷ್ಟು ಸುಲಭದ ಲೆಕ್ಕ. ಈ ಲೆಕ್ಕ ಇಲ್ಲದೆ ಯಾವುದೇ ಅಂಕಿ ಪ್ರಕಟಿಸುವುದು ಅಂಕಣಕಾರರಿಗೆ ಮಾಡುವ ಅನ್ಯಾಯ.

ಇನ್ನೊಂದು ತೊಡಕು ನಮ್ಮ ಗಡಿಯದು. ಅಮೆರಿಕದಲ್ಲಿ ದೊಡ್ಡ ಪಕ್ಷಗಳು ಎರಡೇ. ಒಂದು ಗೆರೆ ಎಳೆದು ಅಂಕಣಕಾರರು ಎಡಕ್ಕೋ ಬಲಕ್ಕೋ ಅಂತ ತೋರಿಸಿಬಿಡಬಹುದು. ಕರ್ನಾಟಕದ ರಾಜಕೀಯಕ್ಕೂ ಅದನ್ನು ಹೇಗೋ ಹೊಂದಿಸಿಕೊಂಡಾರು, ಜೆಡಿಎಸ್ ಎಲ್ಲಿ ಕೂರಿಸುವುದು ಅನ್ನುವ ಕಷ್ಟ ಇದ್ದೇ ಇದೆ. ಗಡಿಯ ತಲಪಾಡಿ ದಾಟಿ ಈಚೆ ಬಂದರೆ ಆ ಗೆರೆ ಕೆಲಸಕ್ಕೆ ಬರುವುದಿಲ್ಲ. ಇಲ್ಲಿ ಸಿಪಿಎಂ ಮತ್ತು ಕಾಂಗ್ರೆಸ್ ಎದುರಾಳಿಗಳು. ದಿಲ್ಲಿಯ ರಾಜಕೀಯಕ್ಕಾಗಿ 2023ರಲ್ಲಿ ಕಟ್ಟಿದ ಇಂಡಿಯಾ ಕೂಟದಲ್ಲಿ ಇಬ್ಬರೂ ಜೊತೆಗಿದ್ದರು. ಬಿಜೆಪಿ ಇಬ್ಬರಿಗೂ ಎದುರು. ಕೇರಳದ ಎಡ ಸರ್ಕಾರವನ್ನು ಬೈದ ಒಂದು ವಾಕ್ಯ ಕಾಂಗ್ರೆಸ್ ಪರವೋ ಬಿಜೆಪಿ ಪರವೋ? ಒಂದೇ ಗೆರೆಯಲ್ಲಿ ಉತ್ತರ ಇಲ್ಲ. ಹಾಗಾಗಿ ಪ್ರತಿ ಪಕ್ಷಕ್ಕೂ ಬೇರೆ ಬೇರೆ ಖಾತೆ ಬೇಕು. ರಾಜ್ಯದ ವಿಷಯ, ದಿಲ್ಲಿಯ ವಿಷಯ ಬೇರೆ ಬೇರೆ ಬರೆಯಬೇಕು. ಹಾಗೆ ಬರೆದಾಗ ಇನ್ನೊಂದು ವಿಷಯ ಕಾಣುತ್ತದೆ. 2017ರಲ್ಲಿ ಕೇರಳ ಸರ್ಕಾರ ಶಾಲೆಗಳಲ್ಲಿ ಮಲಯಾಳಂ ಕಡ್ಡಾಯ ಮಾಡುವ ಕಾನೂನು ತಂದಾಗ ಇಲ್ಲಿ ದೊಡ್ಡ ಪ್ರತಿಭಟನೆ ಆಯಿತು. ಆಗ ಬೆಂಗಳೂರಿನ ಅಂಕಣಗಳಲ್ಲೂ ಕಾಸರಗೋಡು ಬಂತು. ಆಮೇಲೆ ಇಲ್ಲಿನ ಕನ್ನಡ ಶಾಲೆಗೆ ಕನ್ನಡ ಬಾರದ ಮಾಸ್ಟ್ರು ಬಂದಾಗ, ಲೋಕಸೇವಾ ಆಯೋಗ (ಪಿಎಸ್‌ಸಿ) ತುಂಬಬೇಕಾದ ಹುದ್ದೆ ಖಾಲಿ ಬಿದ್ದಾಗ ಎಷ್ಟು ಜನ ಬರೆದರು? ಕೇರಳದ ಒಂದು ಪಕ್ಷಕ್ಕೆ ಬಡಿಯಲು ಕೋಲು ಬೇಕಾದಾಗ ಮಾತ್ರ ಕಾಸರಗೋಡು ನೆನಪಾಗುತ್ತದೆ ಅನ್ನುವುದು ಇಲ್ಲಿನ ಹಲವರ ನೋವು. ನನ್ನದೂ ಹೌದು. ಅದು ನಿಜವೋ ಬರೀ ನಮ್ಮ ಬೇಸರವೋ ಅನ್ನುವುದು ಕೂಡ ಎಣಿಸಿದರೆ ತಿಳಿಯುತ್ತದೆ.

ಈಗ ವಿಡಂಬನೆ. ಈ ಪತ್ರ ಬರೆಯಲು ಕೂತದ್ದೇ ಇದಕ್ಕಾಗಿ.

ಒಂದು ಪತ್ರಿಕೆಯಲ್ಲಿ ವಿಡಂಬನೆಯ ಅಂಕಣವೊಂದು ಬಂತು. ಪತ್ರಿಕೆಯ ಹೆಸರು ಬೇಡ. ಗಡಿನಾಡಿನ ರೇಷನ್ ಅಂಗಡಿಯಲ್ಲಿ ಇನ್ನು ಮುಂದೆ ಮಲಯಾಳಂ ಪದ್ಯ ಬಾಯಿಪಾಠ ಹೇಳಿದವರಿಗೆ ಮಾತ್ರ ಅಕ್ಕಿ, ತಪ್ಪಿಲ್ಲದೆ ಹೇಳಿದರೆ ಸಕ್ಕರೆಯೂ ಉಂಟು, ಇಂಥ ಜನಪರ ಸರ್ಕಾರ ಎಲ್ಲೂ ಇಲ್ಲ ಅನ್ನುವ ಅರ್ಥದ ಬರಹ. ನಿವೃತ್ತ ಮಾಸ್ಟ್ರೊಬ್ಬರು ಓದಿ ಜೋರಾಗಿ ನಕ್ಕರು. 'ಸರಿಯಾಗಿ ಕೊಟ್ಟಿದ್ದಾನೆ ತಿರುವನಂತಪುರದವರಿಗೆ' ಅಂದರು. ಎಡಪಕ್ಷದ ಕೆಲಸ ಮಾಡುವ ಒಬ್ಬ ಹುಡುಗ ಅದನ್ನೇ ಓದಿ, 'ಇಲ್ಲ ಮಾಸ್ಟ್ರೇ, ಇದು ಸುಮ್ಮನೆ ಹೆದರಿಸುವವರನ್ನು ತಮಾಷೆ ಮಾಡಿದ್ದು' ಅಂದ. ಮಧ್ಯಾಹ್ನದ ಹೊತ್ತಿಗೆ ಒಬ್ಬರು ರಿಕ್ಷಾ ಡ್ರೈವರ್ ಫೋನ್ ಹಿಡಿದು ಬಂದರು. ಅವರಿಗೆ ವಾಟ್ಸಾಪಿನಲ್ಲಿ ಬಂದದ್ದು ನಡುವಿನ ಒಂದು ಕಾಲಂ ಮಾತ್ರ. ತಲೆಬರಹ ಇಲ್ಲ, ಅಂಕಣದ ಹೆಸರಿಲ್ಲ, ವಿಡಂಬನೆ ಅನ್ನುವ ಗುರುತಿಲ್ಲ. 'ಅಕ್ಕ, ಇದು ಯಾವಾಗಿಂದ ಶುರು? ನನ್ನ ಅಮ್ಮನಿಗೆ ಮಲಯಾಳಂ ಬರುವುದಿಲ್ಲ' ಅಂದರು. ಅವರ ಮುಖದಲ್ಲಿ ನಿಜವಾದ ಆತಂಕ ಇತ್ತು.

ಒಂದೇ ಬರಹ, ಮೂರು ಓದು. ಇದು ನಮ್ಮ ಊರಿನ ಜನಕ್ಕೆ ಮಾತ್ರ ಆಗುವುದಲ್ಲ. ಅಮೆರಿಕದ ಟೀವಿಯಲ್ಲಿ ಸ್ಟೀಫನ್ ಕೋಲ್ಬೇರ್ ಅನ್ನುವವರು ಬಲಪಂಥೀಯ ನಿರೂಪಕನ ವೇಷ ಹಾಕಿಕೊಂಡು ಬಲಪಂಥವನ್ನೇ ಗೇಲಿ ಮಾಡುತ್ತಿದ್ದರು. ಆ ಕಾರ್ಯಕ್ರಮವನ್ನು ಜನ ಹೇಗೆ ಅರ್ಥ ಮಾಡಿಕೊಳ್ಳುತ್ತಾರೆ ಅಂತ ಹೀದರ್ ಲಾಮಾರ್ ಮತ್ತು ಸಂಗಡಿಗರು 332 ಜನರನ್ನು ಕೇಳಿ 2009ರಲ್ಲಿ ಪ್ರಕಟಿಸಿದರು. ತಮಾಷೆಯಾಗಿದೆ ಅಂತ ಎಲ್ಲ ಕಡೆಯವರೂ ಒಪ್ಪಿದರು. ಆದರೆ ಸಂಪ್ರದಾಯವಾದಿ ಒಲವಿನವರು, ಕೋಲ್ಬೇರ್ ತಮಾಷೆಯ ನಟನೆ ಮಾಡುತ್ತಿದ್ದಾರೆ ಅಷ್ಟೇ, ಹೇಳುವುದೆಲ್ಲ ಅವರ ನಿಜವಾದ ಅಭಿಪ್ರಾಯ ಅಂತ ತಿಳಿದುಕೊಳ್ಳುವುದು ಹೆಚ್ಚಾಗಿತ್ತು. ತಮಗೆ ಬೇಕಾದ್ದನ್ನೇ ಜನ ಅದರಲ್ಲಿ ಕಂಡರು.

ಹಾಗಾಗಿ ವಿಡಂಬನೆಯನ್ನು ಒಬ್ಬರು ಓದಿ ಗುರುತು ಹಾಕಿದರೆ ಅದು ಅಂಕಣಕಾರರ ಒಲವಿನ ಅಳತೆ ಆಗುವುದಿಲ್ಲ. ಗುರುತು ಹಾಕಿದವರ ಒಲವಿನ ಅಳತೆ ಆಗುತ್ತದೆ.

ಕಂಪ್ಯೂಟರಿಗೆ ಕೊಟ್ಟುಬಿಡೋಣ ಅನ್ನುವವರಿದ್ದಾರೆ. ನೇರ ಬರಹಕ್ಕೆ ಅದು ತಕ್ಕಮಟ್ಟಿಗೆ ನಡೆಯುತ್ತದೆ. ಮ್ಯಾಥ್ಯೂ ಜೆಂಟ್ಸ್‌ಕೋ ಮತ್ತು ಜೆಸ್ಸಿ ಶಪೀರೊ ಎಂಬ ಅರ್ಥಶಾಸ್ತ್ರಜ್ಞರು 2010ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಅಮೆರಿಕದ ಸಂಸತ್ತಿನಲ್ಲಿ ಯಾವ ಪಕ್ಷದವರು ಯಾವ ನುಡಿಗಟ್ಟು ಹೆಚ್ಚು ಬಳಸುತ್ತಾರೆ ಅಂತ ಪಟ್ಟಿ ಮಾಡಿ, ಅವೇ ನುಡಿಗಟ್ಟುಗಳನ್ನು ಪತ್ರಿಕೆಗಳಲ್ಲಿ ಹುಡುಕಿದರು. ನಮ್ಮಲ್ಲಾದರೆ 'ಗ್ಯಾರಂಟಿ ಯೋಜನೆ' ಅನ್ನುವವರು ಒಂದು ಕಡೆ, 'ಬಿಟ್ಟಿ ಭಾಗ್ಯ' ಅನ್ನುವವರು ಇನ್ನೊಂದು ಕಡೆ. ಆದರೆ ವಿಡಂಬನಕಾರರು ಮಾಡುವುದೇ ಎದುರಾಳಿಯ ಮಾತನ್ನು ಬಾಯಲ್ಲಿಟ್ಟುಕೊಂಡು ಆಡುವುದು. ನುಡಿಗಟ್ಟು ಎಣಿಸುವ ಯಂತ್ರ ಅವರನ್ನು ಅವರು ಗೇಲಿ ಮಾಡಿದ ಪಕ್ಷದಲ್ಲೇ ಕೂರಿಸುತ್ತದೆ. ರೇಷನ್ ಅಂಗಡಿಯ ಆ ಬರಹದಲ್ಲಿ 'ಜನಪರ ಸರ್ಕಾರ' ಅಂತಿದೆ. ಯಂತ್ರದ ಲೆಕ್ಕದಲ್ಲಿ ಅದು ಶುದ್ಧ ಹೊಗಳಿಕೆ. ಅಂದಹಾಗೆ ಅದೇ ಅಧ್ಯಯನ ಇನ್ನೊಂದು ವಿಷಯ ಕಂಡುಕೊಂಡಿತು. ಪತ್ರಿಕೆಯ ವಾಲುವಿಕೆ ಮಾಲೀಕರಿಗಿಂತ ಹೆಚ್ಚಾಗಿ ಆ ಊರಿನ ಓದುಗರ ಒಲವನ್ನು ಹಿಂಬಾಲಿಸುತ್ತದಂತೆ. ಅಂದರೆ ನಾವು ಓದುಗರೂ ಇದರಲ್ಲಿ ಪಾಲುದಾರರು. ನಿಮ್ಮೊಬ್ಬರನ್ನೇ ದೂರಿ ಪ್ರಯೋಜನ ಇಲ್ಲ.

ಕೊಂಕು ಮಾತು ನಮ್ಮ ಜನಕ್ಕೆ ಹೊಸತಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ಇದು. ಶೇಣಿ ಗೋಪಾಲಕೃಷ್ಣ ಭಟ್ಟರು ರಾವಣನಾಗಿ ಮಾತಿಗೆ ಕೂತರೆ ರಾಮನ ಕಡೆಯವರೂ ತಲೆದೂಗುತ್ತಿದ್ದ ಸೀಮೆ ಇದು. ವೇಷ ಕಟ್ಟದೆ ಕೂತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆಯಲ್ಲಿ ಇವತ್ತು ಕೌರವನ ಪರ ವಾದ ಮಾಡಿದವರು ನಾಳೆ ಕೃಷ್ಣನಾಗಿ ಅದನ್ನೇ ಮುರಿಯುತ್ತಾರೆ. ಆಡುವ ಮಾತು ಯಾರದ್ದು, ಆಡುವವರು ಯಾರು ಅನ್ನುವ ಅಂತರ ಕೇಳುಗರಿಗೆ ಗೊತ್ತು. ಯಾಕೆ ಗೊತ್ತು? ಪ್ರಸಂಗ ಯಾವುದು, ಅರ್ಥ ಹೇಳುವವರು ಯಾರು ಅಂತ ಮೊದಲೇ ತಿಳಿಸಿರುತ್ತಾರೆ. ಹಳೆಯ ಕನ್ನಡ ಪತ್ರಿಕೆಗಳೂ ಅಷ್ಟು ತಿಳಿಸುತ್ತಿದ್ದವು. 1942ರಿಂದ 1967ರವರೆಗೆ ರಾಶಿಯವರ ಕೊರವಂಜಿ ಬಂತು. ಹಾಸ್ಯಪತ್ರಿಕೆ ಅಂತ ಗೊತ್ತಿದ್ದೇ ಜನ ಕೊಳ್ಳುತ್ತಿದ್ದರು. ಪ್ರಜಾವಾಣಿಯಲ್ಲಿ ಟಿಯೆಸ್ಸಾರ್ ಅವರ ಅಂಕಣ ಛೂಬಾಣ ಅಂದರೆ ಅದು ಬಾಣ ಅಂತ ಓದುಗರಿಗೆ ಮೊದಲೇ ಗೊತ್ತಿತ್ತು. ಇಂದು ವಾಟ್ಸಾಪಿನಲ್ಲಿ ಬರುವ ತುಂಡಿಗೆ ಆ ಚೌಕಟ್ಟು ಇಲ್ಲ.

ಹಾಗಾದರೆ ವಿಡಂಬನೆಯನ್ನು ಎಣಿಸುವುದು ಹೇಗೆ? ವಾಕ್ಯ ವಾಕ್ಯಕ್ಕೆ ಗುರುತು ಹಾಕುವುದು ಬಿಡಬೇಕು. ಇಡೀ ಬರಹ ಓದಿ ಒಂದೇ ಪ್ರಶ್ನೆ ಕೇಳಬೇಕು: ಇದರಲ್ಲಿ ಪೆಟ್ಟು ಬಿದ್ದದ್ದು ಯಾರಿಗೆ? ಉತ್ತರ ಕೊಡುವವರು ಇಬ್ಬರಾದರೆ ಸಾಲದು. ಎಡರಂಗ, ಐಕ್ಯರಂಗ, ಬಿಜೆಪಿ ಕೂಟ, ಈ ಮೂರೂ ರಂಗಗಳಿಗೆ ಓಟು ಹಾಕುವ ಒಬ್ಬೊಬ್ಬರು, ಯಾವುದಕ್ಕೂ ಅಂಟಿಕೊಳ್ಳದ ಒಬ್ಬರು, ಹೀಗೆ ನಾಲ್ಕು ಜನವಾದರೂ ಬೇಕು. ನಾಲ್ವರೂ ಒಂದೇ ಹೆಸರು ಹೇಳಿದರೆ ಮಾತ್ರ ಆ ಬರಹ ಖಾತೆಗೆ ಹೋಗಬೇಕು. ತಾಳೆಯಾಗದಿದ್ದರೆ 'ತೀರ್ಮಾನವಾಗಲಿಲ್ಲ' ಅಂತ ಬೇರೆ ಬರೆದಿಡಬೇಕು. ಹಾಗೆ ಬರೆದಿಟ್ಟ ಬರಹಗಳು ಕೆಟ್ಟವು ಅಂತ ಯಾರೂ ತಿಳಿಯಬಾರದು. ಒಳ್ಳೆಯ ವಿಡಂಬನೆ ಎಷ್ಟೋ ಸಲ ಎಲ್ಲರಿಗೂ ಸ್ವಲ್ಪ ಸ್ವಲ್ಪ ತಾಗುತ್ತದೆ.

ಇನ್ನೊಂದು ಎಚ್ಚರ. ವಿಡಂಬನೆಯಲ್ಲಿ ಹೊಗಳಿಕೆ ಇರುವುದೇ ಇಲ್ಲ. ಎಲ್ಲವೂ ಕಳೆಯುವ ಚಿಹ್ನೆಯೇ. ಒಟ್ಟು ಮೊತ್ತ ನೋಡಿದರೆ ವಿಡಂಬನಕಾರರೆಲ್ಲ ಕಡು ದ್ವೇಷಿಗಳ ಹಾಗೆ ಕಾಣುತ್ತಾರೆ. ನೋಡಬೇಕಾದ್ದು ಆ ಪೆಟ್ಟುಗಳು ಹೇಗೆ ಹಂಚಿಹೋಗಿವೆ ಅನ್ನುವುದನ್ನು. ದಿಲ್ಲಿಯಲ್ಲಿ ಒಂದು ಪಕ್ಷ, ಬೆಂಗಳೂರಿನಲ್ಲಿ ಒಂದು ಪಕ್ಷ, ತಿರುವನಂತಪುರದಲ್ಲಿ ಇನ್ನೊಂದು ಅಧಿಕಾರದಲ್ಲಿದ್ದ ವರ್ಷಗಳಲ್ಲಿ, ಒಬ್ಬರ ಬಾಣಗಳೆಲ್ಲ ಒಂದೇ ದಿಕ್ಕಿಗೆ ಹೋಗಿದ್ದರೆ ಅದು ಗೊತ್ತಾಗಬೇಕು. ಅಧಿಕಾರ ಇಲ್ಲದವರನ್ನು, ಬಡವರನ್ನು, ಒಂದು ಜಾತಿ ಮತದವರನ್ನು ಗೇಲಿ ಮಾಡಿ ಅದಕ್ಕೆ ರಾಜಕೀಯ ವಿಡಂಬನೆ ಅನ್ನುವವರಿದ್ದಾರೆ. ಅವರನ್ನೂ ಬೇರೆ ಗುರುತಿಸಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಭಯವನ್ನೂ ಹೇಳಲೇಬೇಕು. ಅಳತೆಗೋಲು ಯಾರ ಕೈಯಲ್ಲಿರುತ್ತದೆ ಅನ್ನುವುದು ದೊಡ್ಡ ಪ್ರಶ್ನೆ. ಮೊದಲು ಹೇಳಿದ ಲ್ಯಾಸ್‌ವೆಲ್ ಅವರೇ 1942ರಲ್ಲಿ ಕೋರ್ಟಿಗೆ ಬಂದು, ವಿಲಿಯಂ ಡಡ್ಲಿ ಪೆಲ್ಲಿ ಎಂಬ ನಾಜಿ ಬೆಂಬಲಿಗನ ಪತ್ರಿಕೆಯ ಬರಹಗಳನ್ನು ಹೀಗೆ ಎಣಿಸಿ ಸಾಕ್ಷಿ ಹೇಳಿದರು. ಪೆಲ್ಲಿಗೆ ಜೈಲಾಯಿತು. ಆತನ ಮೇಲೆ ನನಗೆ ಕನಿಕರ ಇಲ್ಲ. ಆದರೆ ಎಣಿಕೆ ಸರ್ಕಾರದ ಕೈಗೆ ಹೋದರೆ ಏನಾಗಬಹುದು ಅನ್ನುವುದು ಅಲ್ಲಿಯೇ ಕಾಣುತ್ತದೆ. ನಮ್ಮ ದೇಶದಲ್ಲಿ ಮೂರೂ ಕಡೆಯ ಸರ್ಕಾರಗಳಿಗೆ ಈ ಆಸೆ ಇದೆ. 2020ರ ನವೆಂಬರ್‌ನಲ್ಲಿ ಕೇರಳದ ಎಡರಂಗ ಸರ್ಕಾರ ಪೊಲೀಸ್ ಕಾಯ್ದೆಗೆ 118ಎ ಸೇರಿಸುವ ಸುಗ್ರೀವಾಜ್ಞೆ ತಂದಿತು. ಮಾನಹಾನಿಯ ಬರಹಕ್ಕೆ ಜೈಲು ಅಂತಿತ್ತು. ವಿರೋಧ ಜೋರಾದಾಗ ಎರಡು ದಿನದಲ್ಲೇ ಹಿಂದೆ ಸರಿಯಿತು. 2023ರಲ್ಲಿ ಕೇಂದ್ರದ ಬಿಜೆಪಿ ಸರ್ಕಾರ ತನ್ನ ಬಗ್ಗೆ ಬರುವ ಬರಹ ಸುಳ್ಳೋ ಅಲ್ಲವೋ ಅಂತ ತಾನೇ ತೀರ್ಮಾನಿಸುವ ಘಟಕಕ್ಕೆ ನಿಯಮ ಮಾಡಿತು. ಅದರ ವಿರುದ್ಧ ಬಾಂಬೆ ಹೈಕೋರ್ಟಿಗೆ ಹೋದವರಲ್ಲಿ ಒಬ್ಬರು ವಿಡಂಬನೆಯನ್ನೇ ಕಸುಬು ಮಾಡಿಕೊಂಡ ಕುನಾಲ್ ಕಾಮ್ರಾ. 2024ರ ಸೆಪ್ಟೆಂಬರ್‌ನಲ್ಲಿ ಆ ನಿಯಮ ಬಿದ್ದುಹೋಯಿತು. 2025ರಲ್ಲಿ ಕರ್ನಾಟಕದ ಕಾಂಗ್ರೆಸ್ ಸರ್ಕಾರದ ಸುಳ್ಳು ಸುದ್ದಿ ತಡೆ ಮಸೂದೆಯ ಕರಡು ಹೊರಬಂದಾಗಲೂ ಇದೇ ಆತಂಕ ಎದ್ದಿತು. ಆದ್ದರಿಂದ ನಾನು ಈ ಪತ್ರವನ್ನು ಯಾವ ಮಂತ್ರಿಗೂ ಬರೆದಿಲ್ಲ. ನಿಮಗೆ ಬರೆದಿದ್ದೇನೆ.

ನಿಮ್ಮಿಂದ ಬೇಕಾದ ಸಹಾಯ ದೊಡ್ಡದೇನಲ್ಲ. ಅಂಕಣದ ಕೊನೆಯ ಸಾಲಿನಲ್ಲಿ ಬರೆದವರಿಗೆ ಪಕ್ಷದಲ್ಲಿ, ಸರ್ಕಾರದಲ್ಲಿ, ಅಕಾಡೆಮಿಯಲ್ಲಿ ಇರುವ ಹುದ್ದೆಯನ್ನು ಹಾಕಿ. ಹಿಂದೆ ಇದ್ದದ್ದನ್ನೂ ಹಾಕಿ. ವಿಡಂಬನೆ ಅನ್ನುವ ಗುರುತನ್ನು ತಲೆಬರಹದ ಹತ್ತಿರ ಮಾತ್ರ ಹಾಕಿದರೆ ಸಾಲದು, ಪ್ರತಿ ಕಾಲಂನ ಒಳಗೆ ಎಲ್ಲಿ ಕತ್ತರಿಸಿದರೂ ಕಾಣುವ ಹಾಗೆ ಹಾಕಿ. ಹಳೆಯ ಅಂಕಣಗಳನ್ನು ಹುಡುಕಲು ಬರುವ ಅಕ್ಷರರೂಪದಲ್ಲಿ ಇಡಿ. ಇ-ಪೇಪರಿನ ಚಿತ್ರಪುಟದಲ್ಲಿ ಒಂದು ಹೆಸರು ಹುಡುಕುವುದಕ್ಕೂ ಆಗುವುದಿಲ್ಲ. ವರ್ಷಕ್ಕೊಮ್ಮೆ ಅರ್ಧ ಪುಟ ಕೊಡಿ. ಓದುಗರು ಮಾಡಿದ ಲೆಕ್ಕ ಒಂದು ಬದಿಗೆ, ಅಂಕಣಕಾರರ ಉತ್ತರ ಇನ್ನೊಂದು ಬದಿಗೆ ಇರಲಿ. ಆ ಅಂಕಿ ನೋಡಿ ಯಾರ ಅಂಕಣವನ್ನೂ ನಿಲ್ಲಿಸಬೇಡಿ. ಇದು ನನ್ನ ಮುಖ್ಯವಾದ ವಿನಂತಿ. ಒಂದೇ ಪಕ್ಷದ ಪರ ಬರೆಯುವವರಿಗೂ ಬರೆಯುವ ಹಕ್ಕಿದೆ. ಓದುವವರಿಗೆ ಅದು ತಿಳಿದಿರಲಿ ಅನ್ನುವುದಷ್ಟೇ ನಮ್ಮ ಬೇಡಿಕೆ.

ಎಣಿಸುವ ಕೆಲಸ ನಮಗೆ ಬಿಡಿ. 1945ರಲ್ಲಿ ಪಿ.ಎನ್. ಪಣಿಕ್ಕರ್ ಅವರು ಗ್ರಂಥಶಾಲಾ ಸಂಘ ಕಟ್ಟಿದ ಮೇಲೆ ಕೇರಳದಲ್ಲಿ ಹಳ್ಳಿ ಹಳ್ಳಿಗೂ ಓದುವ ಮನೆ ಆಯಿತು. ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯವರೆಗಿನ ಅಂಥ ಗ್ರಂಥಾಲಯಗಳಲ್ಲಿ ಕನ್ನಡ, ಮಲಯಾಳಂ, ತುಳು ಮೂರೂ ಬಲ್ಲ ಓದುಗರಿದ್ದಾರೆ. ಎರಡು ರಾಜ್ಯಗಳ ರಾಜಕೀಯ ಗೊತ್ತಿರುವವರು. ಒಂದೇ ಬೆಂಚಿನಲ್ಲಿ ಮೂರು ರಂಗದವರೂ ಕೂತು ಪತ್ರಿಕೆ ಓದುತ್ತಾರೆ. ಇದಕ್ಕಿಂತ ಒಳ್ಳೆಯ ತಂಡ ನಿಮಗೆ ಬೆಂಗಳೂರಿನಲ್ಲಿ ಸಿಗಲಾರದು. ಕಾಸರಗೋಡಿನ ಕಾಲೇಜಿನಲ್ಲಿ ಕನ್ನಡ ಎಂಎ ಓದುವ ಮಕ್ಕಳನ್ನೂ ಸೇರಿಸಿಕೊಳ್ಳಬಹುದು. ನಿಯಮಗಳ ಒಂದು ಕರಡು ನಮ್ಮಲ್ಲಿ ಸಿದ್ಧ ಇದೆ. ನಿಮ್ಮ ಅಂಕಣಕಾರರು ಅದನ್ನು ಓದಿ ತಿದ್ದಲಿ, ಅವರ ಆಕ್ಷೇಪಗಳನ್ನು ಸೇರಿಸಿಯೇ ಶುರು ಮಾಡೋಣ. ಮೊದಲ ವರ್ಷಕ್ಕೆ ಒಂದು ಪತ್ರಿಕೆ ಒಪ್ಪಿದರೂ ಸಾಕು, ಎರಡು ನೇರ ಅಂಕಣ, ಒಂದು ವಿಡಂಬನೆಯ ಅಂಕಣ.

ಒಪ್ಪುತ್ತೀರೋ ಇಲ್ಲವೋ, ಉತ್ತರವನ್ನು ದಯವಿಟ್ಟು ನಿಮ್ಮ ಪತ್ರಿಕೆಯಲ್ಲೇ ಹಾಕಿ. ಕೇಳಿದವರು ತುಂಬಾ ಜನ ಇದ್ದಾರೆ.

ವಂದನೆಗಳೊಂದಿಗೆ,
ಕುಂಬಳೆ ಕಡೆಯ ಗ್ರಂಥಾಲಯವೊಂದರ ಲೈಬ್ರೇರಿಯನ್,
ಕಾಸರಗೋಡು ಜಿಲ್ಲೆ